ಹಾಜರಿ ಶೆಡ್ಡಿನಲ್ಲಿ ಊಟ

ಹೆಲ್ಮೆಟ್ಟು ತಲೆಗೆ ಬಿಗಿಯಾಯಿತು. ದೊಡ್ಡದು ಇಲ್ಲವೇ ಎಂದು ನಚಿಕೇತ ಹಿಂದಿಯಲ್ಲಿ ಕೇಳಿದ. ಎಲ್ಲರಿಗೂ ಒಂದೇ ಅಳತೆ ಸಾರ್, ಅದೇ ಇಲ್ಲಿಯ ಮಜಾ, ಎಂದು ಬಾಗಿಲಲ್ಲಿ ನಿಂತವನು ನಕ್ಕ. ಹೆಲ್ಮೆಟ್ಟಿಲ್ಲದೆ ಊಟವಿಲ್ಲ ಎಂಬ ಬೋರ್ಡು ಅವನ ಹಿಂದೆಯೇ ತೂಗುತ್ತಿತ್ತು.

ಹಳದಿ ಹೆಲ್ಮೆಟ್ಟು. ಕಟ್ಟಡ ಕಟ್ಟುವ ಸೈಟಿನಲ್ಲಿ ಹಳದಿ ಕೂಲಿಯವರಿಗೆ, ಬಿಳಿ ಎಂಜಿನಿಯರಿಗೆ, ಹಸಿರು ತನ್ನಂಥ ಸುರಕ್ಷತಾ ಅಧಿಕಾರಿಗೆ. ಹದಿನೈದು ವರ್ಷ ಈ ಬಣ್ಣಗಳ ಪಾಠ ಹೇಳಿಯೇ ಸಂಬಳ ತಿಂದವನು, ಈಗ ದುಡ್ಡು ಕೊಟ್ಟು ಹಳದಿ ಹಾಕಿಕೊಂಡ.

ವಿಕಾರಾಬಾದಿನ ಗುಡ್ಡದ ಕಡೆ ಎರಡು ದಿನ ರಜೆಗೆ ಹೊರಡುವ ಮೊದಲು ಹೆಂಡತಿ ಶರ್ವರಿ ಒಂದೇ ಕರಾರು ಹಾಕಿದ್ದಳು: ಸೈಟಿನ ಮಾತು ಎತ್ತಕೂಡದು. ಆತ ಎತ್ತಿರಲಿಲ್ಲ. ಊಟಕ್ಕೆ ಜಾಗ ಹುಡುಕುತ್ತ ಹೊಲಗಳ ನಡುವಿನ ಮಣ್ಣುದಾರಿಗೆ ಕಾರು ತಿರುಗಿಸಿದರೆ ಸೈಟೇ ಎದುರಿಗೆ ಬಂದು ನಿಂತಿತ್ತು. ತಗಡಿನ ಶೆಡ್ಡು, ನೀಲಿ ತಾಡಪತ್ರಿ, ಇಟ್ಟಂಗಿಯ ಮೇಲೆ ಹಲಗೆ ಇಟ್ಟ ಬೆಂಚು, ಒರಗಲು ಸಿಮೆಂಟಿನ ಚೀಲ. ಮೇಲೆ ಹೋಟೆಲಿನ ಹೆಸರು, ‘ಹಾಜರಿ’. ಕೂಲಿಗಳ ಶೆಡ್ಡಿನಲ್ಲಿ ಕೂಲಿಗಳ ಊಟ. ಹೊರಗೆ ಗಚ್ಚಿಬೌಲಿಯ ಐಟಿ ಮಂದಿಯ ಕಾರುಗಳು ಸಾಲುಗಟ್ಟಿದ್ದವು.

“ಎಷ್ಟ ಛಂದ ಮಾಡ್ಯಾರ ನೋಡ್ರಿ,” ಎಂದಳು ಶರ್ವರಿ, ಫೋಟೋ ತೆಗೆಯುತ್ತ.

ನಿಜವಾದ ಶೆಡ್ಡಿನಲ್ಲಿ ಮಧ್ಯಾಹ್ನ ತಗಡು ಕಾದು ಕೂರಲಾಗುವುದಿಲ್ಲ. ಇಲ್ಲಿ ತಗಡಿನ ಹಿಂದೆ ಎಸಿ ಇತ್ತು. ಇದನ್ನು ಹೇಳಿದರೆ ಸೈಟಿನ ಮಾತಾಗುತ್ತದೆ.

ಸೈರನ್ ಕೂಗಿತು. ಜನ ಚಪ್ಪಾಳೆ ತಟ್ಟಿದರು. ಮೂಲೆಯ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದ ಹೆಂಗಸು ಸೆರಗಿನಿಂದ ಮುಖ ಒರೆಸಿಕೊಂಡು ಈ ಕಡೆ ತಿರುಗಿದಳು. ನಚಿಕೇತನಿಗೆ ಗುರುತು ಸಿಕ್ಕಿತು. ಶಂಕ್ರಮ್ಮ.

ಮೂರು ವರ್ಷದ ಹಿಂದೆ ಅವಳ ಗಂಡ ಲಿಂಗಣ್ಣ ಹನ್ನೊಂದನೆಯ ಮಹಡಿಯಿಂದ ಬಿದ್ದು ಸತ್ತಿದ್ದ. ಆ ವಾರ ಸ್ಟೋರಿನಲ್ಲಿ ಸುರಕ್ಷತಾ ಬೆಲ್ಟುಗಳಿರಲಿಲ್ಲ. ಇವೆ ಎಂದು ಬರೆದು ಸಹಿ ಮಾಡಿದವನು ನಚಿಕೇತ. ಕೊಟ್ಟ ಬೆಲ್ಟನ್ನು ಲಿಂಗಣ್ಣನೇ ಬಿಚ್ಚಿಟ್ಟ ಎಂದು ಇಂಗ್ಲಿಷಿನಲ್ಲಿ ಒಂದು ಕಾಗದ ತಯಾರಾಯಿತು. ಹೆಂಡತಿಯ ಒಪ್ಪಿಗೆ ಬೇಕು, ಅವಳಿಗೆ ತಿಳಿಹೇಳುವವರು ಯಾರು? ಅಷ್ಟು ದೊಡ್ಡ ಸೈಟಿನಲ್ಲಿ ಕನ್ನಡ ಬರುವ ಅಧಿಕಾರಿ ಒಬ್ಬನೇ ಇದ್ದ, ನಚಿಕೇತ. ಮನೆಯ ಹೊಸ್ತಿಲು ದಾಟಿದರೆ ಅದನ್ನು ಆಡದವನು, ಆ ದಿನ ಆಡಿದ. ಅದೂ ತನ್ನ ಮನೆಯ ಕನ್ನಡವಲ್ಲ, ಅವಳ ಕನ್ನಡ.

“ಏನ್ ಕಾಗದರಿ ಇದು?” ಎಂದು ಅವಳು ಕೇಳಿದ್ದಳು.

“ಹೆಣ ಊರಿಗೆ ಒಯ್ಯಾಕ ಬೇಕಾಗೇತಿ, ಯವ್ವಾ.”

ಅವಳು ಕೈ ಚಾಚಿದಳು. ಸಿಮೆಂಟು ಅವಳ ಬೆರಳಿನ ಗೆರೆಗಳನ್ನೆಲ್ಲ ತಿಂದುಹಾಕಿತ್ತು. ಗೇಟಿನ ಹಾಜರಿ ಯಂತ್ರ ದಿನಾ ಅವಳನ್ನು ಗುರುತಿಸಲಾರದೆ ಕೆಂಪು ದೀಪ ತೋರಿಸುತ್ತಿತ್ತಾದ್ದರಿಂದ ಅಂಥವರಿಗೆಂದೇ ಒಂದು ಮಸಿಯ ಪುಸ್ತಕ ಉಳಿದಿತ್ತು. ನಚಿಕೇತ ಅವಳ ಹೆಬ್ಬೆಟ್ಟು ಹಿಡಿದು ಎಡದಿಂದ ಬಲಕ್ಕೆ ಹೊರಳಿಸಿದ. ಕಾಗದದ ಮೇಲೆ ಗೆರೆಯಿಲ್ಲದ ಕಪ್ಪು ಕಲೆ ಮೂಡಿತು. ಆ ವರ್ಷ ಅವನಿಗೆ ಸುರಕ್ಷತೆಯ ಪಾರಿತೋಷಕ ಬಂತು. ಶೋಕೇಸಿನಲ್ಲಿದೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಏನೂ ಅನ್ನುವ ಮೊದಲೇ ನಚಿಕೇತ ಹೆಲ್ಮೆಟ್ಟನ್ನು ಹುಬ್ಬಿನ ತನಕ ಎಳೆದು ಗದ್ದದ ಪಟ್ಟಿ ಬಿಗಿದುಕೊಂಡ. ಅವಳು ಗುರುತು ಹಿಡಿದರೆ ಶರ್ವರಿಗೆ ತಿಳಿಯುತ್ತದೆ. ಸತ್ತ ಕೂಲಿಯ ಹೆಣವನ್ನು ಅವನ ಊರಿಗೆ ಮುಟ್ಟಿಸಿದ ಪುಣ್ಯವಂತನೆಂದು ಶರ್ವರಿ ನೆಂಟರ ಮುಂದೆಲ್ಲ ಅವನನ್ನು ಹೊಗಳುತ್ತಿದ್ದಳು. ಕಾಗದದ ಸಂಗತಿ ಅವಳಿಗೆ ಗೊತ್ತಿರಲಿಲ್ಲ.

ಶರ್ವರಿ ಕೈತೊಳೆಯಲು ಹೋದಳು. ಆಗಲೇ ಶಂಕ್ರಮ್ಮ ಉದ್ದನೆಯ ಪುಸ್ತಕ, ಮಸಿಯ ಪ್ಯಾಡು ಹಿಡಿದು ಬಂದಳು. ಊಟಕ್ಕೆ ಮೊದಲು ಗಿರಾಕಿಗಳು ಹಾಜರಿ ಹಾಕಬೇಕು, ಅದು ಇಲ್ಲಿಯ ಪದ್ಧತಿ. ಯಾವ ಊರಿನವರೆಂದು ಕನ್ನಡದಲ್ಲೇ ಕೇಳಿದಳು. ಕನ್ನಡ ರಾದು, ಬರುವುದಿಲ್ಲ, ಎಂದ ನಚಿಕೇತ ತೆಲುಗಿನಲ್ಲಿ. ಜೇಬಿನಿಂದ ಪೆನ್ನು ತೆಗೆದ. ಅವಳು ತಲೆಯಾಡಿಸಿದಳು.

“ಸಹಿ ನಡಿಯಂಗಿಲ್ರಿ ಇಲ್ಲಿ. ಎಲ್ಲಾರದೂ ಹೆಬ್ಬೆಟ್ಟ.”

ಅವನಿಗೆ ಅರ್ಥವಾಗಬಾರದಿತ್ತು, ಆದ್ದರಿಂದ ಕೈ ಚಾಚಲಿಲ್ಲ. ಅವಳೇ ಅವನ ಕೈ ಎತ್ತಿಕೊಂಡು, ಮಸಿಗೆ ಒತ್ತಿ, ಎಡದಿಂದ ಬಲಕ್ಕೆ ಹೊರಳಿಸಿದಳು. ಗೆರೆ ಗೆರೆಯೂ ಸ್ಪಷ್ಟವಾಗಿ ಮೂಡಿತು. ಅವಳು ಅದನ್ನು ತುಸು ಹೊತ್ತು ನೋಡಿದಳು. ಅವನ ಮುಖ ನೋಡಲಿಲ್ಲ.

ಶರ್ವರಿ ಬಂದವಳೇ ಶಂಕ್ರಮ್ಮನ ಕನ್ನಡ ಕೇಳಿ ಹಿಗ್ಗಿದಳು. ಊರು, ಕೇರಿ, ಮಕ್ಕಳು ಎಲ್ಲ ವಿಚಾರಿಸಿದಳು. ಶಹಾಪುರದ ಹತ್ತಿರದ ಊರಂತೆ. ಇಲ್ಲಿ ಕೂಲಿಯಂತೆ ನಟಿಸುವ ಕೆಲಸ ನಿಜವಾದ ಕೂಲಿಗಿಂತ ಹಗುರಂತೆ. ಗಂಡನ ಮಾತು ಬಂತು, ಬಿದ್ದ ಮಾತೂ ಬಂತು. ನಚಿಕೇತ ಪುಂಡಿಪಲ್ಯ ನುಂಗುತ್ತಿದ್ದ.

“ಕಂಪನಿಯವರು ಪರಿಹಾರ ಏನೂ ಕೊಡಲಿಲ್ಲೇನು?” ಎಂದಳು ಶರ್ವರಿ.

“ಒಂದ್ ಕಾಗದ ತಂದಿದ್ರು ಅಕ್ಕಾರ. ಅದ್ರಾಗ ಏನ್ ಬರದಿತ್ತೋ ನನಗೇನ್ ಗೊತ್ತು. ಹೆಣ ಒಯ್ಯಾಕ ಬೇಕು ಅಂತ ಒಬ್ರು ಸಾಹೇಬ್ರು ನಮ್ಮ ಮಾತಿನಾಗ ಹೇಳಿದ್ರು. ಅಷ್ಟ ಸಾಕಾತು.”

ಶರ್ವರಿ ಗಂಡನ ಕಡೆ ತಿರುಗಿದಳು. ಅವಳ ಕಣ್ಣಿನಲ್ಲಿ ಹೆಮ್ಮೆ ಏಳುತ್ತಿತ್ತು, ನಡುವೆಯೇ ಎಲ್ಲೋ ನಿಂತಿತು. ತಾನೇ ಆ ಸಾಹೇಬನೆಂದು ಯಾಕೆ ಹೇಳುತ್ತಿಲ್ಲ ಎಂಬಂತೆ ನೋಡಿದಳು. ಆತ ರೊಟ್ಟಿ ಮುರಿದ.

ಏಳುವಾಗ ಅವನು ಮಸಿ ಹತ್ತಿದ ಬೆರಳನ್ನು ಕೈಯೊರೆಸುವ ಕಾಗದಕ್ಕೆ ಉಜ್ಜುತ್ತಿದ್ದ. ಶಂಕ್ರಮ್ಮ ಬಟ್ಟಲು ಎತ್ತುತ್ತ ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು.

“ಎಣ್ಣಿ ಹಚ್ಚಿ ತಿಕ್ರಿ. ನಂದು ಆವಾಗ ಒಂಬತ್ತ ದಿನ ಹೋಗಿದ್ದಿಲ್ಲ.”

“ಹೂಂ,” ಎಂದುಬಿಟ್ಟ ನಚಿಕೇತ.

ಕನ್ನಡ ಬಾರದವನ ಬಾಯಿಂದ ಬಿದ್ದ ಆ ಹೂಂ ಇಬ್ಬರ ನಡುವೆ ಉಳಿಯಿತು. ಅವಳಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ. ಹೆಲ್ಮೆಟ್ಟು ಕೊಟ್ಟು ಹೋಗ್ರಿ ಎಂದು ಬಟ್ಟಲುಗಳೊಂದಿಗೆ ಒಳಗೆ ಹೋದಳು.

ಕಾರಿನಲ್ಲಿ ಕೂತು ಶರ್ವರಿ ಬಾಗಿಲು ಹಾಕಿಕೊಂಡಳು. ಆಮೇಲೆ ಕೇಳಿದಳು. “ಆ ಕಾಗದದಾಗ ಏನಿತ್ತು?”

ಸೈಟಿನ ಮಾತು ಬೇಡ ಅಂದವಳು ನೀನೇ, ಎಂದ ಅವನು.

ಹೊರಡೋಣ, ಮ್ಯಾಪು ಹಾಕಿ, ಎಂದಳು ಅವಳು ಕಿಟಕಿಯ ಕಡೆ ನೋಡುತ್ತ. ನಚಿಕೇತ ಫೋನು ತೆಗೆದು ಹೆಬ್ಬೆಟ್ಟು ಒತ್ತಿದ. ಗುರುತು ಸಿಗಲಿಲ್ಲ, ಮತ್ತೆ ಪ್ರಯತ್ನಿಸಿ, ಎಂದಿತು ಅದು. ಪ್ಯಾಂಟಿಗೆ ಒರೆಸಿ ಮತ್ತೆ ಒತ್ತಿದ. ಗುರುತು ಸಿಗಲಿಲ್ಲ. ಫೋನು ತೆರೆಯುವ ಅಂಕಿಗಳು ಅವನಿಗೆ ನೆನಪಿದ್ದವು. ಆದರೂ ಅವನ್ನು ಒತ್ತದೆ ಹೆಬ್ಬೆಟ್ಟನ್ನೇ ಎಡದಿಂದ ಬಲಕ್ಕೆ ಹೊರಳಿಸುತ್ತ ಕೂತ. ಶೆಡ್ಡಿನಲ್ಲಿ ಮುಂದಿನ ಪಾಳಿಯವರಿಗಾಗಿ ಸೈರನ್ ಕೂಗಿತು. ಫೋನಿನ ಗಾಜಿನ ಮೇಲೆ ಒಂದರ ಮೇಲೊಂದು ಕಪ್ಪು ಕಲೆ ಬೀಳುತ್ತ ಹೋಯಿತು, ಗೆರೆಗಳೇ ಇಲ್ಲದ ಕಲೆ.