ಮೂರನೇ ಬೆಂಚಿನಾಕೆ ಕೇಳಿದ್ದು

ಚರ್ಚಿನ ಮೂರನೇ ಬೆಂಚಿನಲ್ಲಿ ಅವಳ ರೆಪ್ಪೆ ಆಗಲೇ ಭಾರವಾಗುತ್ತಿದೆ, ನಾನಿನ್ನೂ ಬಾಯಿ ಬಿಟ್ಟಿಲ್ಲ, ಹಾಡು ನಡೆದಿದೆ, ಮುಂದೆ ಪ್ರಸಂಗದ ಹನ್ನೊಂದು ಹಾಳೆ, ಕೃಪೆ ಎಂಬ ಪದದ ಮೂಲಾರ್ಥ, ಅದರ ನಾಲ್ಕು ಛಾಯೆ — ಹೋದ ವಾರ ಎರಡನೇ ಹಾಳೆಗೇ ತೂಕಡಿಸಿದಳು, ಸಿಟ್ಟು ಬರಲಿಲ್ಲ, ಕುತೂಹಲ ಬಂತು, ಈಕೆಗೆ ಎಚ್ಚರವಾಗುವುದು ಯಾವ ಮಾತಿಗೆ? ಹೆಂಡತಿಯನ್ನು ಕೇಳಿದರೆ ನಕ್ಕಳು, ನಿಮ್ಮ ಪ್ರಸಂಗ ಚೆನ್ನಾಗೇ ಇರುತ್ತೆ ರೀ, ಆದ್ರೆ ಯಾರೂ ಕೇಳದೇ ಇರೋ ಪ್ರಶ್ನೆಗೆ ಉತ್ತರ ಹೇಳ್ತೀರಿ. ಹದಿನಾರು ವರ್ಷ ಪ್ರಸಂಗ ಮಾಡಿದವನಿಗೆ ಇದು ಹೊಸ ಸುದ್ದಿ, ವಾರವಿಡೀ ಚುಚ್ಚಿತು, ಅದಕ್ಕೇ ನಿನ್ನೆ ಆಸ್ಪತ್ರೆಗೆ ಹೋದೆ, ರೋಗಿಗಳನ್ನು ನೋಡಲು ಅಲ್ಲ, ಹಿಂಬದಿಯ ಮೆಟ್ಟಿಲಿಳಿದು ಬಟ್ಟೆ ಒಗೆಯುವ ಕೋಣೆಗೆ, ಅವಳ ಕೆಲಸ ಅಲ್ಲಿ, ಆವಿ, ಸೋಪಿನ ಘಾಟು, ಯಂತ್ರಗಳ ಗದ್ದಲ, ಇಲ್ಲಿ ವಾರವೆಲ್ಲ ನಿಂತವರು ಭಾನುವಾರ ಕೂತ ಕೂಡಲೇ ನಿದ್ದೆ ಹೋಗದೆ ಇನ್ನೇನು — ಅಯ್ಯೋ ಪಾಸ್ಟ್ರೇ, ನೀವಿಲ್ಲಿ? ನಿದ್ದೆ ಮಾಡ್ತೀನಿ ಅಂತ ಬೈಯೋಕೆ ಬಂದ್ರಾ? ಇಲ್ಲಮ್ಮ, ಏನು ಹೇಳಿದ್ರೆ ಎಚ್ಚರ ಇರ್ತೀರಿ ಅಂತ ಕೇಳೋಕೆ ಬಂದೆ. ಗಹಗಹಿಸಿ ನಕ್ಕಳು, ಹಾಗಾದ್ರೆ ಸುಮ್ನೆ ನಿಂತ್ಕೋಬೇಡಿ, ಆ ತುದಿ ಹಿಡೀರಿ. ಇಸ್ತ್ರಿ ಯಂತ್ರದಿಂದ ಈಗಷ್ಟೇ ಹೊರಬಿದ್ದ ಹೊದಿಕೆ, ಕೈ ಸುಡುವಷ್ಟು ಬಿಸಿ, ಬಿಸಿ ಇರುವಾಗಲೇ ಮಡಚಬೇಕಂತೆ, ಅವಳೊಂದು ತುದಿ ನಾನೊಂದು ತುದಿ, ಹತ್ತಿರ ಬಂದು, ದೂರ ಸರಿದು, ಅವಳ ಹೆಬ್ಬೆರಳು ನೋಡದೆಯೇ ಅಂಚಿನ ಮೇಲೆ ಜಾರಿ ಮೂಲೆ ಹುಡುಕುತ್ತದೆ, ನನ್ನದು ತಡಕಾಡುತ್ತದೆ. ಮಡಚುತ್ತಲೇ ಕೇಳಿದಳು, ದೇವರು ವಾಸಿ ಮಾಡ್ತಾನೆ ಅಂತೀರಿ, ಸರಿ, ಆದ್ರೆ ನಾಲ್ಕನೇ ವಾರ್ಡಿಂದ ವಾಸಿಯಾಗಿ ಮನೆಗೆ ಹೋದವರು ಕಡಿಮೆ, ಅವರ ಹೊದಿಕೆ ಮಡಚುವಾಗ ಏನಂತ ಪ್ರಾರ್ಥನೆ ಮಾಡ್ಲಿ? ನಾನು ಮಡಚಿದ್ದರಿಂದ ಅವರಿಗೇನಾದ್ರೂ ಆಗುತ್ತಾ? ಬಾಯಿಗೆ ಬಂದ ಮೂರು ಬೈಬಲ್ ವಚನಗಳನ್ನು ನುಂಗಿಕೊಂಡೆ, ಯಾವುದನ್ನೂ ಆ ಯಂತ್ರಗಳ ನಡುವೆ ನಿಂತು ಹೇಳುವಂತಿರಲಿಲ್ಲ, ಮತ್ತೊಂದು ತುದಿ ಹಿಡಿದೆ, ಅವಳ ಹೆಬ್ಬೆರಳು ಮತ್ತೆ ಅಂಚಿನ ಮೇಲೆ —

ಹಾಡು ನಿಂತಿದೆ, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ಕೈ ತಾನಾಗಿ ಹಾಳೆಗಳನ್ನು ಬೋರಲು ಹಾಕಿತು, ಇದೇನು ಮಾಡ್ತಿದ್ದೀಯ ಮಾರಾಯ ಎಂದು ನನಗೇ ಅಂದುಕೊಳ್ಳುತ್ತಲೇ, ನಮ್ಮಲ್ಲೊಬ್ಬರು ನನಗೊಂದು ಪ್ರಶ್ನೆ ಕೇಳಿದ್ದಾರೆ, ಉತ್ತರ ನನಗೆ ಗೊತ್ತಿಲ್ಲ, ಎಂದೆ. ಅವಳು ಯಾರೆಂದು ಹೇಳದೆ ಪ್ರಶ್ನೆ ಮಾತ್ರ ಹೇಳಿದೆ. ಸಭೆಯ ಹಿರಿಯರು ಎರಡು ಸಲ ಕೆಮ್ಮಿದರು, ಪ್ರಸಂಗದ ಕಥೆ ಮುಗಿಯಿತು ಎಂದುಕೊಂಡೆ, ಅಷ್ಟರಲ್ಲಿ ಕೊನೆಯ ಸಾಲಿನಲ್ಲಿ ಊರಿನ ಟೈಲರ್ ಎದ್ದ, ಹೆಂಡತಿ ತೀರಿಹೋದಮೇಲೆ ಇಲ್ಲಿ ತುಟಿ ಬಿಚ್ಚದ ಮನುಷ್ಯ. ಪಾಸ್ಟ್ರೇ, ನನ್ನಾಕೆ ಆ ವಾರ್ಡಲ್ಲೇ ಇದ್ಲು. ಅವಳು ಮಾತಾಡೋದೇ ನಿಂತುಹೋಗಿತ್ತು. ಕೊನೇ ದಿನ ಹೊದಿಕೆ ಬದಲಾಯಿಸಿದಾಗ ಕಣ್ಣು ಬಿಟ್ಟು, ಬೆಚ್ಚಗಿದೆ, ಅಂದ್ಲು. ಅಷ್ಟೇ. ಮಡಚಿದವರು ಯಾರೋ, ಅವರಿಗೆ ಹೇಳಿ. ಕೂತುಬಿಟ್ಟ. ಈಗ ಆಮೆನ್ ಅನ್ನಲೇ, ಕಿಟಕಿ ಪಕ್ಕದ ಹುಡುಗಿ ಏನು ಕೇಳಬೇಕೆಂದಿದ್ದಾಳೆ, ಬಾಗಿಲ ಬಳಿಯ ಬಸ್ ಡ್ರೈವರ್, ಕೆಮ್ಮಿದ ಹಿರಿಯರು, ಒಬ್ಬೊಬ್ಬರ ಬಳಿಯೂ ಏನಿದೆಯೋ, ಇಷ್ಟು ವರ್ಷ ನಾನೊಬ್ಬನೇ ಮಾತಾಡಿದೆನಲ್ಲ — ಮೂರನೇ ಬೆಂಚಿನಲ್ಲಿ ಅವಳ ಕಣ್ಣು ಪೂರ್ತಿ ತೆರೆದಿದೆ, ಹಿಂದಕ್ಕೆ ತಿರುಗಿ ನೋಡುತ್ತಿಲ್ಲ, ಮಡಿಲಲ್ಲಿ ಹಾಡಿನ ಪುಸ್ತಕ, ಅದರ ಅಂಚಿನ ಮೇಲೆ ಹೆಬ್ಬೆರಳು ಜಾರುತ್ತಿದೆ, ಮೂಲೆಗೆ ಬರುತ್ತದೆ, ನಿಲ್ಲುತ್ತದೆ, ಮತ್ತೆ ಅಂಚು, ಮತ್ತೆ ಮೂಲೆ, ಹೆಬ್ಬೆರಳು —