ಖಾಲಿ ತೋಟಾಕ್ಕೆ ಬೆಲೆ ಕಟ್ಟುವವರು

ನನ್ನ ಗಂಡನಿಗೆ ಕಿವಿ ಕೇಳುವುದಿಲ್ಲ ಎಂದು ಯಾರಾದರೂ ಹೇಳಿದ್ದರೆ ಹೋದ ತಿಂಗಳವರೆಗೂ ನಾನು ನಂಬುತ್ತಿರಲಿಲ್ಲ. ಕೇಳಿಸಿಕೊಳ್ಳುವ ಮನಸ್ಸಿಲ್ಲ ಎಂದೇ ನನ್ನ ವಾದ. ಊಟಕ್ಕೆ ಐದು ಸಲ ಕರೆದರೂ ಅಲುಗಾಡದ ಮನುಷ್ಯ, ಅಂಗಡಿಯ ಕಲ್ಲಿನ ಮೇಲೆ ಬಿದ್ದ ಬಂದೂಕಿನ ಒಡಕು ತೋಟಾವನ್ನು ಮಾತ್ರ ತಪ್ಪದೆ ಗುರುತಿಸುತ್ತಿದ್ದರು. ಹಿತ್ತಾಳೆಗೆ ಕೊಟ್ಟ ಕಿವಿಯನ್ನು ಹೆಂಡತಿಗೆ ಕೊಡಲು ಏನು ಕಷ್ಟ? ಇಡೀ ವರ್ಷ ನನಗೆ ಇದೇ ಸಿಟ್ಟು.

ರಾಯದುರ್ಗದಲ್ಲಿ ನಮ್ಮದು ಬಂದೂಕು ರಿಪೇರಿ ಅಂಗಡಿ. ಲೈಸೆನ್ಸ್ ಇವರ ಹೆಸರಿನಲ್ಲಿ, ಸೂರಪ್ಪ ಎಂದು. ಒಂದು ಮಗ್ಗುಲಿಗೆ ಜೀನ್ಸ್ ಪ್ಯಾಂಟು ಹೊಲಿಯುವವರು, ಇನ್ನೊಂದು ಮಗ್ಗುಲಿಗೆ ಮಿರ್ಚಿ ಬಂಡಿ. ಶೇಂಗಾ ಹೊಲಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಲು ಲೈಸೆನ್ಸಿನ ಬಂದೂಕು ಇಟ್ಟುಕೊಂಡ ರೈತರು ಹಾರಿಸಿದ ಹಿತ್ತಾಳೆ ತೋಟಾಗಳನ್ನು ಬಿಸಾಡುವುದಿಲ್ಲ, ನಮ್ಮಲ್ಲಿಗೆ ತರುತ್ತಾರೆ. ಮತ್ತೆ ಮದ್ದು ತುಂಬಿದರೆ ತಡೆಯುವಂಥ ತೋಟಾ ಒಂದಕ್ಕೆ ನಲವತ್ತು ರೂಪಾಯಿ. ತಡೆಯದಿದ್ದರೆ ಗುಜರಿ, ತೂಕದ ದರ. ಎರಡರ ನಡುವೆ ಇರುವುದು ಕಣ್ಣಿಗೆ ಬೀಳದ ಒಂದು ಬಿರುಕು. ಅದಕ್ಕೇ ಇವರು ಒಂದೊಂದನ್ನೇ ಗೇಣೆತ್ತರದಿಂದ ಕಲ್ಲಿನ ಮೇಲೆ ಬಿಡುತ್ತಾರೆ. ಗಟ್ಟಿಯದು ಗೆಜ್ಜೆಯಂತೆ ನುಡಿಯುತ್ತದೆ, ಒಡಕಿನದು ಟಪ್ ಎಂದು ಸುಮ್ಮನಾಗುತ್ತದೆ.

ಭೈರವಾನಿತಿಪ್ಪದ ಕದರಪ್ಪನ ಎರಡು ಬೆರಳು ಒಡಕು ತೋಟಾ ಸಿಡಿದೇ ಹೋದದ್ದು. ಅವನು ಅದನ್ನು ಬೇರೆಲ್ಲೋ ಕೊಂಡಿದ್ದ. ಆದರೂ ಅವನ ಕೈ ನೋಡಿ ಬಂದ ದಿನ ಇವರು ಅನ್ನ ಮುಟ್ಟಲಿಲ್ಲ. ಆಮೇಲೆ ಇಪ್ಪತ್ತೆರಡು ವರ್ಷ ನಮ್ಮ ಅಂಗಡಿಯಿಂದ ಒಂದೇ ಒಂದು ಒಡಕು ತೋಟಾ ಆಚೆ ಹೋಗಿಲ್ಲ. ಇವರು ಗಳಿಸಿದ್ದೆಂದರೆ ಆ ಹೆಸರೇ.

ಹೋದ ತಿಂಗಳು ಮಡಕಶಿರದ ಓಬುಲೇಶ್ ಆ ಕಡೆಯ ರೈತರ ತೋಟಾಗಳನ್ನು ಚೀಲದಲ್ಲಿ ಹೊತ್ತು ಬಸ್ಸಿಳಿದು ಬಂದ. ಬಾಯಿಗೆ ಬಿಡುವು ಕೊಡದ ಆಸಾಮಿ. ಗುಮ್ಮಘಟ್ಟದ ಕುರಿಗಾರ ರಾಮಾಂಜಿ ಇಪ್ಪತ್ತು ಒಳ್ಳೆಯ ತೋಟಾ ಬೇಕೆಂದು ಬೆಂಚಿನ ಮೇಲೆ ಕಾಯುತ್ತಿದ್ದ. ಇವರು ಚಾಪೆಯ ಮೇಲೆ ಕೂತು ಕಲ್ಲನ್ನು ಎಳೆದುಕೊಂಡರು. ನಾನು ಎಂದಿನಂತೆ ಎದುರಿಗೆ ಕೂತು ಶೇಂಗಾ ಸುಲಿಯುತ್ತಿದ್ದೆ.

"ಮೈಲಾರಮ್ಮಕ್ಕ, ನಿನ್ ತಂಗಿ ಮಗಳು ಸುಶ್ಮಿತಾಗೆ ಬಂದಿದ್ದ ಸಂಬಂಧ ಮುರ್ದೋಯ್ತಂತೆ?" ಎಂದ ಓಬುಲೇಶ್.

ನನ್ನ ಹುಬ್ಬು ಗಂಟಾಯಿತು. ಅದೇ ಹೊತ್ತಿಗೆ ಕಲ್ಲಿನ ಮೇಲೆ ಒಂದು ತೋಟಾ ಖಣ್ಣೆಂದಿತು. ಇವರು ಅದನ್ನು ಗುಜರಿಗೆ ಎಸೆದರು.

"ಗಂಡಿನ್ ಕಡೆಯೋರು ಕಾರು ಕೇಳುದ್ರಂತೆ." ನನ್ನ ಮುಖ ಇನ್ನಷ್ಟು ಬಿಗಿಯಿತು. ಇನ್ನೆರಡು ಗಟ್ಟಿ ತೋಟಾಗಳು ಗುಜರಿಗೆ ಹೋದವು.

"ಏನಣ್ಣಾ, ಗಂಟೆ ಹೊಡ್ದಂಗೆ ಇರೋವನ್ನ ತೂಕುಕ್ ಹಾಕ್ತಾ ಇದೀಯಲ್ಲ!" ಎಂದು ಓಬುಲೇಶ್ ಕೂಗಿದ. ಇವರು ಅವನ ಕಡೆ ತಿರುಗಲಿಲ್ಲ. ಅವನು ನನ್ನನ್ನಾದರೂ ಒಲಿಸಿಕೊಳ್ಳೋಣವೆಂದು, "ಓಗ್ಲಿ ಬಿಡಕ್ಕ, ನಾನೊಂದು ಮೇಷ್ಟ್ರ ಸಂಬಂಧ ತಂದಿದೀನಿ. ಆ ಉಡುಗ ಕಾರಿರ್ಲಿ, ಕಾಪಿನೂ ಕೇಳಲ್ಲ," ಎಂದ.

ನನಗೆ ನಗು ತಡೆಯಲಾಗಲಿಲ್ಲ. ಆ ನಗುವಿನ ನಡುವೆಯೇ ಟಪ್ ಎಂಬ ಸದ್ದು ಕೇಳಿಸಿತು. ಇವರು ನನ್ನ ಮುಖ ನೋಡಿ, ತಾವೂ ಸಣ್ಣಗೆ ನಕ್ಕು, ಆ ತೋಟಾವನ್ನು ರಾಮಾಂಜಿಯ ಚೀಲಕ್ಕೆ ಹಾಕಿದರು.

ಒಡಕು ತೋಟಾ ಒಳ್ಳೆಯದರ ಚೀಲಕ್ಕೆ! ನಾನು ಎದ್ದು ಹೋಗಿ ಅದನ್ನು ಹೆಕ್ಕಿ ಮತ್ತೆ ಅವರ ಕೈಗಿಟ್ಟೆ. ಅವರು ಇನ್ನೊಮ್ಮೆ ಬಿಟ್ಟರು. ಟಪ್. ನಾನು ಬೇಕೆಂದೇ ಮುಖವನ್ನು ಅಲ್ಲಾಡಿಸದೆ ನಿಂತೆ. ಅವರು ನನ್ನನ್ನೇ ನೋಡಿದರು. ಕಲ್ಲಿನ ಹತ್ತಿರ ಕಿವಿ ತಂದು ಮತ್ತೆ ಬಿಟ್ಟರು, ಮತ್ತೆ ನನ್ನನ್ನು ನೋಡಿದರು. ಆ ತೋಟಾ ಹಿಡಿದ ಕೈ ಗುಜರಿಯ ಗುಡ್ಡೆಗೂ ರಾಮಾಂಜಿಯ ಚೀಲಕ್ಕೂ ನಡುವೆ ಎತ್ತ ಹೋಗಬೇಕೆಂದು ತಿಳಿಯದೆ ನಿಂತುಬಿಟ್ಟಿತು.

ಆಗ ಗೊತ್ತಾಯಿತು ನನಗೆ. ಒಡಕಿನ ಸದ್ದು ಕೇಳಿದಾಗೆಲ್ಲ ನನಗೇ ಅರಿವಿಲ್ಲದೆ ನನ್ನ ಮುಖ ಕಿವುಚುತ್ತಿತ್ತು. ಇವರು ಒಂದು ವರ್ಷ ಅದನ್ನೇ ಓದಿಕೊಂಡು ಬೆಲೆ ಕಟ್ಟಿದ್ದರು. ಕಿವುಡಾದ ಗಂಡನನ್ನು ನಾನು ಸೊಕ್ಕಿನವನೆಂದು ಬೈದಿದ್ದೆ. ಏನಾದರೂ ಸುಳ್ಳು ಹೇಳಿ ಮಾನ ಉಳಿಸೋಣ, ಇಲ್ಲದಿದ್ದರೆ ಈ ಓಬುಲೇಶ್ ಮಡಕಶಿರದಿಂದ ನೇಮಕಲ್ಲಿನ ತನಕ ಡಂಗುರ ಹೊಡೆಯುತ್ತಾನೆ ಎಂದುಕೊಂಡೆ. ಅಷ್ಟರಲ್ಲಿ ಇವರೇ ಬಾಯಿಬಿಟ್ಟರು.

"ರಾಮಾಂಜಿ, ಆ ಚೀಲ ಕೆಳಗ ಇಡು. ನನಗ ಕಿವಿ ಕೇಳ್ಸಂಗಿಲ್ಲಪ. ವರ್ಷಾತು. ಇಕಿ ಮುಖ ನೋಡಿ ರೇಟ್ ಕಟ್ತಿದ್ದೆ. ಇವತ್ತ ತಪ್ಪಿದೆ."

ರಾಮಾಂಜಿ ಚೀಲವನ್ನು ಕಲ್ಲಿನ ಪಕ್ಕಕ್ಕೆ ಸುರಿದು, "ಅಕ್ಕಾರು ಕೇಳ್ಲಿ ಬಿಡ್ರಿ. ನಾ ಕಾಯ್ತೀನ್ರಿ," ಎಂದ. ಇವರು ಸರಿದು ಚಾಪೆ ಬಿಟ್ಟುಕೊಟ್ಟರು. ಸಂಜೆಯವರೆಗೆ ನಾನು ಎರಡೂ ಗುಡ್ಡೆಗಳನ್ನು ಮೊದಲಿನಿಂದ ಕೇಳಿದೆ. ಗುಜರಿಯಲ್ಲಿ ಹನ್ನೊಂದು ಗಟ್ಟಿ ತೋಟಾ ಸಿಕ್ಕವು. ಓಬುಲೇಶ್ ಹಲ್ಲು ಕಿರಿದ. ಒಳ್ಳೆಯ ಗುಡ್ಡೆಯಲ್ಲಿ ಬೇರೆ ಒಡಕು ಇರಲಿಲ್ಲ, ಸದ್ಯ.

ಅವರಿಬ್ಬರೂ ಹೋದ ಮೇಲೆ ಇವರ ಕಿವಿಯ ಹತ್ತಿರ ಬಾಯಿಟ್ಟು ಅರಚಿದೆ. "ನನಗರ ಮೊದ್ಲ ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೀ ಈ ಚಾಪಿ ಮ್ಯಾಲ ಬಂದು ಕೂಡ್ತಿದ್ದಿ."

"ಕೂತ್ರ ಏನಾಗ್ತಿತ್ತು?"

ಇವರು ಅಂಗೈಯಿಂದ ಕಲ್ಲಿನ ಧೂಳು ಒರೆಸಿದರು. ಕೇಳಿಸಲಿಲ್ಲವೇನೋ ಎಂದು ನಾನು ಮತ್ತೆ ಬಗ್ಗಿದೆ.

"ಮೂವತ್ತು ವರ್ಷ ತಲಿ ಬಗ್ಸಿ ಈ ಕಲ್ಲು ನೋಡಿದೆ," ಎಂದರು. "ಇದೊಂದು ವರ್ಷ ದಿನಾ ನಿನ್ನ ಮುಖ ನೋಡಿದೆ. ಬಿಡಾಕ ಮನಸಾಗ್ಲಿಲ್ಲ."