ಬಿಸಿಲಿಗೆ ಹರಡಿದ ಕಾರ್ಡುಗಳು

"ಅರಿಶಿನದ ನೀರು ಚಿಮುಕಿಸೋಕೆ ಇದೇನು ನಿಮ್ಮ ಲೇತ್ ಮೆಷಿನ್ನಾ, ಮಾವ? ಈ ರೂಮಿನ ಬೀಗ ತೆಗೀರಿ ಅಂತ ಯಾರು ಹೇಳಿದ್ರು ನಿಮಗೆ?"

"ಕೂಗಬೇಡ ಮಾರಾಯ್ತಿ! ಇಡೀ ಕಾರ್ಖಾನೆಗೇ ಆಯುಧಪೂಜೆ ಆಗಿದೆ. ನಿನ್ನ ಯಂತ್ರ ಒಂದನ್ನ ಬರೀ ಹಣೇಲಿ ಬಿಡೋಕಾಗುತ್ತಾ?"

ಫೋರ್‌ಮನ್ ವೀರಪ್ಪನ ದನಿ ಜೋರಾಗಿತ್ತು. ಅಕ್ಕನ ಮಗಳು ಜಯಶೀಲಾ ತೂತು ಹೊಡೆದ ಕಾರ್ಡುಗಳ ಕಟ್ಟನ್ನು ಅವನ ಮೂಗಿಗೇ ಹಿಡಿದಳು. ನೀರು ಕುಡಿದು ಊದಿ, ಒಂದಕ್ಕೊಂದು ಅಂಟಿಕೊಂಡಿದ್ದವು. ಕಂಪ್ಯೂಟರಿಗೆ ಅವಳು ಕೊಡುವ ಅಪ್ಪಣೆಯೆಲ್ಲ ಆ ತೂತುಗಳಲ್ಲೇ ಇತ್ತು. ಕುಲುಮೆಗೆ ಎಷ್ಟು ಅದಿರು, ಎಷ್ಟು ಇದ್ದಿಲು ಎಂದು ಯಂತ್ರ ಲೆಕ್ಕ ಹಾಕಿ ತೋರಿಸಬೇಕು. ಪೂಜೆಗೆ ಬಂದಿದ್ದ ದೊಡ್ಡ ಸಾಹೇಬರು ಈಗಲೇ ನೋಡಲು ಬರುವವರಿದ್ದರು. ಸರಿಬಂದರೆ ಕಂಪ್ಯೂಟರ್ ವಿಭಾಗ ಅವಳ ಕೈಗೆ, ಕೆಟ್ಟರೆ ಬೊಂಬಾಯಿಯಿಂದ ತರಿಸಿದ ಯಂತ್ರ ಅಲ್ಲಿಗೇ ವಾಪಸು.

ಶಿವಮೊಗ್ಗದ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದವಳನ್ನು ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕರೆತಂದವನು ಇದೇ ವೀರಪ್ಪ. "ಮದುವೆಯಾಗದ ಹುಡುಗೀನ ಅಷ್ಟು ಗಂಡಸರ ನಡುವೆ ಕೂರಿಸ್ತೀಯೇನೋ?" ಎಂದು ಅಕ್ಕ ಲಿಂಗಮ್ಮ ರೇಗಿದಾಗ, "ನಾನಿಲ್ವೇನಕ್ಕಾ?" ಎಂದಿದ್ದ. ಕಾಲೇಜಿನಲ್ಲಿ ಅವಳ ಜಾಗಕ್ಕೆ ಆಗಲೇ ಬೇರೆಯವರು ಬಂದಾಗಿತ್ತು.

ಸಾಹೇಬ ಹಿರಿಯಣ್ಣನವರು ಬಂದರು. ಅವಳು ಬಿಡಿಸಿ ಬಿಡಿಸಿ ಇಟ್ಟ ಕಾರ್ಡುಗಳನ್ನು ಯಂತ್ರ ಕಟಕಟ ಅಗಿದು ನಿಂತುಬಿಟ್ಟಿತು. ಅದರ ಮೇಲಿನ ಕುಂಕುಮವನ್ನು ಸಾಹೇಬರು ನೋಡಿದರು.

"ಯಾರು ಮಾಡಿದ್ದು ಇದನ್ನ?"

ಜಯಶೀಲಾ ಮಾವನ ಕಡೆ ತಿರುಗಿದಳು. "ನಾನೇ" ಅನ್ನಲು ವೀರಪ್ಪ ಒಂದು ಹೆಜ್ಜೆ ಮುಂದಿಟ್ಟ. ಕಾರ್ಖಾನೆ ಕೊಟ್ಟ ಮನೆ, ಹತ್ತಿರವಾಗಿದ್ದ ನಿವೃತ್ತಿ ಕಣ್ಣಿಗೆ ಕಟ್ಟಿದವು. ಹೆಜ್ಜೆಯನ್ನು ಹಿಂದಕ್ಕೆ ತೆಗೆದ.

ಸಾಹೇಬರು ನಕ್ಕರು. "ಬೊಂಬಾಯಿಗೆ ಹೋಗಿ ಕಲಿತು ಬಂದ್ರೂ ಹೆಂಗಸರು ಪೂಜೆ ಬಿಡೋದಿಲ್ಲ ನೋಡಿ! ನಿಮಗೆ ಕಾಲೇಜಲ್ಲಿ ಪಾಠ ಹೇಳೋದೇ ಸರಿ ಕಣಮ್ಮ."

ಅವಳು ಇನ್ನೂ ಮಾವನನ್ನೇ ನೋಡುತ್ತಿದ್ದಳು. ಅವನು ನೆಲ ನೋಡಿದ. ಅವಳು ಬೀಗದ ಕೈಯನ್ನು ಕುಂಕುಮದ ಪಕ್ಕ ಇಟ್ಟು, ಕೊಡೆ ತೆಗೆದುಕೊಂಡು ಹೊರಟಳು.

ಎಲ್ಲರೂ ಹೋದ ಮೇಲೆ ವೀರಪ್ಪ ಕಾರ್ಡುಗಳನ್ನು ಅಂಗಳಕ್ಕೆ ತಂದು ಹಪ್ಪಳದ ಹಾಗೆ ಬಿಸಿಲಿಗೆ ಹರಡಿದ. ಯಾವುದರ ಹಿಂದೆ ಯಾವುದು ಅನ್ನುವುದು ಅವಳೊಬ್ಬಳಿಗೇ ಗೊತ್ತು. ಬಂದು ಜೋಡಿಸುತ್ತಾಳೆ ಅಂದುಕೊಂಡ. ಅವಳು ಬರಲಿಲ್ಲ. ಮರುದಿನವೂ ಹರಡಿದ. ಕಾರ್ಡುಗಳು ದೊನ್ನೆಯ ಹಾಗೆ ಮುದುರಿ, ಕುಲುಮೆಯ ಮಸಿ ತುಂಬಿಕೊಳ್ಳುತ್ತಿದ್ದವು. ಶಿವಮೊಗ್ಗದ ರೈಲು ಕೂಗಿತು. ಗಾಳಿಗೆ ಎದ್ದ ಒಂದು ಕಾರ್ಡಿನ ಮೇಲೆ ವೀರಪ್ಪ ಅದಿರಿನ ಚೂರೊಂದನ್ನು ಇಟ್ಟ.